ಟ್ಯಾಂಕಿಗೆ ಬೀಗ, ಗಾಳಿಗೆ ದಾರಿ



ಸೈಫನ್ ಪ್ರಯೋಗವನ್ನು ನೀವೆಲ್ಲ ಶಾಲೆಯಲ್ಲಿ ಮಾಡಿರುತ್ತೀರಿ. ಎತ್ತರದಲ್ಲಿರುವ ಬೀಕರಿನ ನೀರು ಬಾಗಿದ ನಳಿಗೆಯನ್ನು ಹತ್ತಿ ಇಳಿದು ಕೆಳಗಿನ ಬೀಕರಿಗೆ ಬೀಳುತ್ತದೆ. ನಳಿಗೆಯ ತುಂಬ ದ್ರವವಿರಬೇಕು, ಹೊರಗಿನ ತುದಿ ಮೇಲಿನ ಬೀಕರಿನ ನೀರಿನ ಮಟ್ಟಕ್ಕಿಂತ ಕೆಳಗಿರಬೇಕು. ಮಿಕ್ಕ ಕೆಲಸವನ್ನು ಗುರುತ್ವಾಕರ್ಷಣೆ ಮತ್ತು ವಾಯುಮಂಡಲದ ಒತ್ತಡ ಮಾಡುತ್ತವೆ. ನೀರಿನ ಜಾಗದಲ್ಲಿ ಪೆಟ್ರೋಲ್, ಬೀಕರಿನ ಜಾಗದಲ್ಲಿ ಕಾರಿನ ಟ್ಯಾಂಕ್ ಇಟ್ಟುಕೊಳ್ಳಿ. ಅದೇ ಇಂಧನ ಕಳ್ಳನ ವಿದ್ಯೆ.

ಇಂಗ್ಲೆಂಡಿನ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಹೆಸರು ಎಂ.ಜಿ.ಬಿ. 1962ರಿಂದ 1980ರವರೆಗೆ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ ಇಂಥ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅದರ ಟ್ಯಾಂಕ್ ಡಿಕ್ಕಿಯ ತಳದಲ್ಲಿದೆ. ಪೆಟ್ರೋಲ್ ಹಾಕುವ ಬಾಯಿ ಹಿಂಬದಿಯ ತಗಡಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತಿದೆ. ಈಗಿನ ಕಾರುಗಳಲ್ಲಿರುವಂತೆ ಒಳಗಿನಿಂದ ತೆರೆಯುವ ಪುಟ್ಟ ಬಾಗಿಲು ಇದಕ್ಕಿಲ್ಲ. ಬೀಗವಿಲ್ಲದ ಮುಚ್ಚಳವನ್ನು ದಾರಿಹೋಕರೂ ಕೈಯಿಂದ ತಿರುಗಿಸಿ ತೆಗೆಯಬಹುದು.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ ಈ ಮುಚ್ಚಳಕ್ಕೆ ಹೊಸ ಮಹತ್ವ ಬಂತು. ಬ್ರಿಟನ್ನಿನಲ್ಲಿ ಪೆಟ್ರೋಲ್ ಪಡಿತರ ಪುಸ್ತಕಗಳನ್ನು ಹಂಚಿದರು, ಆದರೆ ಅವುಗಳನ್ನು ಬಳಸುವ ಪ್ರಸಂಗ ಬರಲಿಲ್ಲ. ಅಮೆರಿಕದಲ್ಲಿ ಬಂಕುಗಳ ಮುಂದೆ ಸಾಲು ಬೆಳೆದಂತೆ ನಿಂತ ಕಾರುಗಳಿಂದ ಪೆಟ್ರೋಲ್ ಕಾಣೆಯಾಗತೊಡಗಿತು. ಬೀಗದ ಮುಚ್ಚಳಗಳಿಗೆ ಬೇಡಿಕೆ ಏರಿತು.

ಹಾಗಾದರೆ ಬೀಗದ ಮುಚ್ಚಳ ಹಾಕಿದರೆ ಮುಗಿಯಿತಲ್ಲ ಎನ್ನುತ್ತೀರಾ? ವಿಷಯ ಕುತೂಹಲಕರವಾಗುವುದೇ ಇಲ್ಲಿಂದ. ಪಂಪು ಪೆಟ್ರೋಲನ್ನು ಎಳೆದಂತೆ ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ಬರಲೇಬೇಕು. ಮೊದಮೊದಲ ಎಂ.ಜಿ.ಬಿ.ಗಳಲ್ಲಿ ಈ ಗಾಳಿ ಬರುತ್ತಿದ್ದದ್ದು ಮುಚ್ಚಳದಲ್ಲಿದ್ದ ಸಣ್ಣ ರಂಧ್ರದಿಂದ. ಅದನ್ನು ಮರೆತು, ಗಾಳಿಯಾಡದ ಮುಚ್ಚಳವನ್ನು ಬಿಗಿದರೆ ಏನಾಗುತ್ತದೆ? ಟ್ಯಾಂಕಿನಲ್ಲಿ 25 ಲೀಟರ್ ಗಾಳಿ ಇದೆ ಎನ್ನಿ. 5 ಲೀಟರ್ ಪೆಟ್ರೋಲ್ ಖರ್ಚಾದರೆ ಅದೇ ಗಾಳಿ 30 ಲೀಟರ್ ಜಾಗಕ್ಕೆ ಹರಡಬೇಕು. ಪೆಟ್ರೋಲಿನ ಆವಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಬಾಯ್ಲ್ ನಿಯಮದಂತೆ ಒತ್ತಡ ಆರರಲ್ಲಿ ಐದು ಭಾಗಕ್ಕೆ ಇಳಿಯುತ್ತದೆ. ಈ ಕೊರತೆ ಎರಡು ಮೀಟರಿಗೂ ಎತ್ತರದ ಪೆಟ್ರೋಲ್ ಕಂಬವನ್ನು ಮೇಲೆತ್ತುವ ಕೆಲಸಕ್ಕೆ ಸಮ. ಅಷ್ಟಾಗುವ ಮೊದಲೇ ಪಂಪು ಸೋಲಬಹುದು. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ 'ಉಸ್' ಎಂದು ಗಾಳಿ ಒಳನುಗ್ಗಿ, ಕಾರು ಮತ್ತೆ ಹೊರಟರೆ ಕಾರಣ ಇದೇ ಎಂದು ತಿಳಿಯಿರಿ. ಅಮೆರಿಕಕ್ಕೆ ಕಳಿಸಿದ 1970ರ ದಶಕದ ಕಾರುಗಳ ಮಾತು ಬೇರೆ. ಆವಿಯನ್ನು ಇದ್ದಿಲಿನ ಡಬ್ಬಿಯಲ್ಲಿ ಹಿಡಿಯುವ ವ್ಯವಸ್ಥೆ ಇರುವಲ್ಲಿ ಗಾಳಿ ಬರುವ ದಾರಿಯೂ ಬೇರೆ, ಮುಚ್ಚಳವೂ ಬೇರೆ. ಆದ್ದರಿಂದ ಯಾವ ವರ್ಷದ ಕಾರು ಎಂದು ನೋಡಿಯೇ ಮುಚ್ಚಳ ಕೊಳ್ಳಬೇಕು.

ಬೀಗ ಒಡೆಯಲಾಗದ ಕಳ್ಳ ಕೆಲವೊಮ್ಮೆ ಟ್ಯಾಂಕಿನ ತಳಕ್ಕೇ ತೂತು ಕೊರೆಯುತ್ತಾನೆ. ಪೆಟ್ರೋಲಿನ ಆವಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲೂ ಕಿಡಿ ಸೋಕಿದರೆ ಹೊತ್ತಬಲ್ಲದು. ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಕೆಲವು ಲೀಟರಿನ ನಷ್ಟ ಬೆಂಕಿಯ ಅಪಾಯವಾಗಿ ಬೆಳೆಯುವುದು ಹೀಗೆ. ಹಾಗಾಗಿ ಬೀಗದ ಜೊತೆಗೆ ಕಾರು ನಿಲ್ಲಿಸುವ ಜಾಗದ ಬಗ್ಗೆಯೂ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ಎಂ.ಜಿ.ಬಿ.ಯ ಬಾಯಿ ಹಿಂದಿರುವುದರಿಂದ ಹಿಂಬದಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಅಲ್ಲಿ ಒಬ್ಬ ಕೂರಲೂ ಎಡೆ ಇರುವುದಿಲ್ಲ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಟ್ಯಾಂಕ್ ನೆಲಕ್ಕೆ ಹತ್ತಿರವಿರುವುದೂ ಅನುಕೂಲವೇ. ಸೈಫನ್ನಿನ ವೇಗ ಮಟ್ಟಗಳ ವ್ಯತ್ಯಾಸದ ವರ್ಗಮೂಲವನ್ನು ಅನುಸರಿಸುತ್ತದೆ; ವ್ಯತ್ಯಾಸ ಕಾಲು ಭಾಗಕ್ಕೆ ಇಳಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಬೀದಿ ದೀಪದ ಕೆಳಗೆ ಅಷ್ಟು ಹೊತ್ತು ಕಾಯುವ ಧೈರ್ಯ ಎಲ್ಲ ಕಳ್ಳರಿಗೂ ಇರುವುದಿಲ್ಲ.

ಸ್ಟುಡಿಯೋದಲ್ಲಿ ಸೈಫನ್ ತೋರಿಸುವಾಗ ನಾವು ಬಣ್ಣದ ನೀರನ್ನಷ್ಟೇ ಬಳಸುತ್ತೇವೆ. ನೀವೂ ಹಾಗೆಯೇ ಮಾಡಿ. ಬೈಕಿನಿಂದ ಸ್ವಲ್ಪ ಪೆಟ್ರೋಲ್ ತೆಗೆಯಬೇಕೆಂದು ಕೊಳವೆಯನ್ನು ಬಾಯಿಗೆ ಇಟ್ಟುಕೊಳ್ಳುವ ಹುಡುಗರನ್ನು ಕಂಡಿದ್ದೇನೆ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ತೀವ್ರ ಉರಿಯೂತವಾಗಿ ಜೀವಕ್ಕೆ ಕುತ್ತು ಬರಬಹುದು. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಮಾತು. ಮುಳ್ಳು ಕೆಳಗಿಳಿದಾಗಲೆಲ್ಲ ಕಳ್ಳನನ್ನು ದೂರಬೇಡಿ. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆಗಳು ಇದರಿಂದ ಬಿರುಕು ಬಿಡಬಹುದು. ಕಾರು ನಿಲ್ಲಿಸುವಾಗ ಓಡಿದ ಮೈಲಿ ಮತ್ತು ಮುಳ್ಳಿನ ಸ್ಥಾನವನ್ನು ಬರೆದಿಟ್ಟು, ಟ್ಯಾಂಕಿನ ಕೆಳಗೆ ಒಂದು ಒಣ ರಟ್ಟು ಹಾಸಬೇಕು. ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಇದ್ದು ಡಿಕ್ಕಿಯಲ್ಲಿ ಪೆಟ್ರೋಲಿನ ವಾಸನೆ ಬಂದರೆ, ಕಾರನ್ನು ಚಾಲೂ ಮಾಡದೆ ಮೊದಲು ಮೆಕ್ಯಾನಿಕ್‌ನನ್ನು ಕರೆಸಿ ಕೊಳವೆಗಳನ್ನು ಪರೀಕ್ಷಿಸಬೇಕು.