ಉರುಮೆಯ ಒರಟು ನಾದ

ಉರುಮೆ ಎರಡು ಮುಖದ ಚರ್ಮವಾದ್ಯ. ಒಂದು ಮುಖಕ್ಕೆ ಕೋಲಿನ ಪೆಟ್ಟು ಬೀಳುತ್ತದೆ. ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ವಾದ್ಯದ ಜೀವವೆಲ್ಲ ಈ ಉಜ್ಜುವ ಕೈಯಲ್ಲಿದೆ.

ಕಡ್ಡಿ ಚರ್ಮದ ಮೇಲೆ ನಯವಾಗಿ ಸರಿಯುವುದಿಲ್ಲ. ಕ್ಷಣಮಾತ್ರ ಕಚ್ಚಿಕೊಳ್ಳುತ್ತದೆ, ಜಾರುತ್ತದೆ, ಮತ್ತೆ ಕಚ್ಚುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಆದರೆ ತಂತಿಯಲ್ಲಿ ಒಂದು ಸ್ವರ ನೆಲೆ ನಿಲ್ಲುತ್ತದೆ. ಬಿಗಿದ ಚರ್ಮದಲ್ಲಿ ಒಂದಕ್ಕೊಂದು ಹೊಂದದ ಹಲವು ಕಂಪನಗಳು ಒಟ್ಟಿಗೆ ಎದ್ದು, ಗುರುಗುಟ್ಟುವ, ನರಳುವ ದನಿಯಾಗುತ್ತವೆ. ಒತ್ತು ಬದಲಾದಂತೆ ದನಿಯೂ ಏರಿಳಿಯುತ್ತದೆ. ಇದನ್ನು ಬರಿಯ ಗದ್ದಲ ಎನ್ನುವವರು ಆ ಕೈಯ ಹದವನ್ನು ಗಮನಿಸಿರುವುದಿಲ್ಲ.

ತುಮಕೂರಿನ ಬೀದಿಗಳಿಗೂ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಗೂ ಈ ನಾದವನ್ನು ತರುವವರು ದೇವಿಯ ಹೆಸರಿನಲ್ಲಿ ಊರೂರು ಅಲೆಯುವ ದುರುಗಮುರುಗಿಯವರು. ಹೆಂಗಸು ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊತ್ತು ಉರುಮೆ ನುಡಿಸುತ್ತಾಳೆ. ಕಾಲಿಗೆ ಗೆಜ್ಜೆ ಕಟ್ಟಿದ ಗಂಡಸು ಬರಿಮೈಗೆ ಚಾಟಿ ಬೀಸಿಕೊಳ್ಳುತ್ತಾನೆ. ಚಾಟಿಯ ಛಟೀರ್ ಸದ್ದು, ಗೆಜ್ಜೆ, ಅವುಗಳ ಅಡಿಯಲ್ಲಿ ಬಿಡದೆ ಮೊರೆಯುವ ಉರುಮೆ: ಮನೆಯೊಳಗಿದ್ದವರು ಹೊರಗೆ ಬಂದು ನಿಲ್ಲುತ್ತಾರೆ. ಭಯ ಭಕ್ತಿ ಎರಡನ್ನೂ ಒಟ್ಟಿಗೆ ಎಬ್ಬಿಸುವ ಶಕ್ತಿ ಈ ದನಿಗಿದೆ. ಗುಬ್ಬಿ ಎಂದೊಡನೆ 1884ರಲ್ಲಿ ಹುಟ್ಟಿದ ನಾಟಕ ಕಂಪನಿ, ಅದರ ರಂಗಗೀತೆ ನೆನಪಾಗುವುದು ಸಹಜ. ಅದೇ ಸೀಮೆಯಲ್ಲಿ ಸುಳಿದಾಡುವ ಈ ನಾದಕ್ಕೂ ಅಷ್ಟೇ ಮನ್ನಣೆ ಸಲ್ಲಬೇಕು.

ಒರಟು ದನಿಯನ್ನು ಬಯಸಿ ಕಟ್ಟುವ ಸಂಗೀತ ಹೊರಗೂ ಉಂಟು. ಜಪಾನಿನ ಮಸಾಮಿ ಅಕಿತಾ 1979ರಿಂದ 'ಮೆರ್ಜ್‌ಬೋ' ಹೆಸರಿನಲ್ಲಿ ಸದ್ದನ್ನೇ ಸಂಗೀತವಾಗಿಸಿದ್ದಾರೆ. 1990ರ ದಶಕದ ಆರಂಭದಲ್ಲಿ ನಾರ್ವೆಯಲ್ಲಿ ಬೆಳೆದ ಬ್ಲ್ಯಾಕ್ ಮೆಟಲ್ ಎಂಬ ರಾಕ್ ಸಂಗೀತದ ಕವಲು, ಕರ್ಕಶ ಗಿಟಾರ್ ಮತ್ತು ಚೀರುದನಿಯನ್ನು ನೆಚ್ಚಿಕೊಂಡಿತು. ನೆದರ್‌ಲೆಂಡ್ಸ್‌ನ ಮಾರಿಸ್ ಡಿ ಯೊಂಗ್ 'ನಾ ದೆಯರ್ ಟಂಗ್ಸ್' ಹೆಸರಿನಲ್ಲಿ ಒಬ್ಬರೇ ಸದ್ದಿನ ಸಂಗೀತವನ್ನೂ ಬ್ಲ್ಯಾಕ್ ಮೆಟಲ್ ಅನ್ನೂ ಬೆಸೆದು ಆಲ್ಬಂಗಳನ್ನು ಮಾಡಿದ್ದಾರೆ. ಬೆಂಗಳೂರಿನ 'ದ್ವೇಷ' ತಂಡ 2014ರ 'ಸ್ತೂಪ' ಆಲ್ಬಂನಲ್ಲಿ ಮೆಟಲ್ ಸಂಗೀತದ ಇನ್ನೊಂದು ಬಗೆಯಾದ ಡೆತ್ ಮೆಟಲ್‌ನ ಗುಡುಗುದನಿಗೆ ಕನ್ನಡದ ಮಾತು ಕೊಟ್ಟಿತು. ಅಲ್ಲೆಲ್ಲ ವಿದ್ಯುತ್ತು, ಆಂಪ್ಲಿಫೈಯರ್ ಮಾಡುವ ಕೆಲಸವನ್ನು ಉರುಮೆಯಲ್ಲಿ ಕಡ್ಡಿ ಮತ್ತು ಚರ್ಮದ ತಿಕ್ಕಾಟವೇ ಮಾಡುತ್ತದೆ.

ಉರುಮೆಯನ್ನು ಧ್ವನಿಮುದ್ರಿಸುವಾಗ ಉಜ್ಜುವ ಮುಖಕ್ಕೆ ಪ್ರತ್ಯೇಕ ಮೈಕ್ ಬೇಕು. ಪೆಟ್ಟಿನ ಸದ್ದು ಜೋರಾಗಿ ಬಿದ್ದರೆ ನರಳಿಕೆ ಅದರೊಳಗೆ ಮುಚ್ಚಿಹೋಗುತ್ತದೆ. ಚಿಕ್ಕ ಸ್ಪೀಕರ್‌ಗಳಲ್ಲಿ ಅದರ ತಗ್ಗಿನ ಮೊರೆತ ಬಹುಪಾಲು ಕಳೆದುಹೋಗಿ, ಮೇಲಿನ ಗರಗರ ಮಾತ್ರ ಉಳಿಯುತ್ತದೆ. ಆ ಗರಗರವನ್ನೂ ದೋಷವೆಂದು ಸೋಸಿ ತೆಗೆದರೆ ಕೇಳುಗರಿಗೆ ಯಾವುದೋ ಸಾಧಾರಣ ಡೋಲು ಕೇಳುತ್ತದೆ, ಉರುಮೆ ಕೇಳುವುದಿಲ್ಲ.