ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದ ಸಾಲು

(ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಭಾಷಣಕಾರರಲ್ಲ. ಮ್ಯಾಟ್ರಿಕ್‌ವರೆಗೆ ಓದಿ, ಭಿವಂಡಿಯ ಒಂದು ಮಗ್ಗದ ಗಿರಣಿಯಲ್ಲಿ ಪಗಾರದ ಪುಸ್ತಕ ಬರೆಯುವವರು. ರವಿವಾರಕ್ಕೊಮ್ಮೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದು ನಮ್ಮಿಂದಾದ ಸೇವೆ. ಮನೆ ಖರ್ಚಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಲೆಕ್ಕದ ವಿಷಯವಲ್ಲವೇ ಎಂದು ಒಪ್ಪಿಕೊಂಡೆವು. ಆ ಖರ್ಚಿನೊಳಗೆ ಒಂದೇ ಬಾಬನ್ನು ಇಂದು ಎತ್ತಿಕೊಳ್ಳುತ್ತೇವೆ: ತಿಂಗಳಿಗೆ ಕುಡಿತಕ್ಕೆ ಎಷ್ಟು ಹೋಗುತ್ತದೆ? ಇದು ಉಪದೇಶವಲ್ಲ. ಉಪದೇಶ ಮಾಡುವ ಯೋಗ್ಯತೆಯೂ ನಮಗಿಲ್ಲ. ಅದೇಕೆಂಬುದನ್ನು ಮುಂದೆ ಹೇಳುತ್ತೇವೆ.

ಮೊದಲು ಸರ್ಕಾರದ ಲೆಕ್ಕ ನೋಡೋಣ. 2022-23ರಲ್ಲಿ ದೇಶದಾದ್ಯಂತ ಮನೆಮನೆಯ ಖರ್ಚಿನ ಸಮೀಕ್ಷೆ ನಡೆಯಿತು. ಎಲೆ-ಅಡಿಕೆ, ತಂಬಾಕು, ಮದ್ಯ ಮುಂತಾದ ಅಮಲು ಪದಾರ್ಥಗಳು, ಇವೆಲ್ಲ ಸೇರಿ ಪಟ್ಟಣದಲ್ಲಿ ನೂರು ರೂಪಾಯಿ ಖರ್ಚಿಗೆ ರೂ. 2.43, ಹಳ್ಳಿಯಲ್ಲಿ ರೂ. 3.79 ಎಂದು ಅದರಲ್ಲಿದೆ. ಹಳ್ಳಿಯಲ್ಲಿ ಮಕ್ಕಳ ಓದಿಗೆ ಹೋದದ್ದು ಇದಕ್ಕಿಂತ ಕಡಿಮೆ. ಆದರೂ ಎರಡೂವರೆ ರೂಪಾಯಿ ಎಂದರೆ ದೊಡ್ಡ ಮಾತೇನು ಎಂದು ತಾವು ಕೇಳಬಹುದು. ನಾವೂ ಹಾಗೆಯೇ ಅಂದುಕೊಂಡಿದ್ದೆವು.

ಸರಾಸರಿಯ ಸ್ವಭಾವವೇ ಹೀಗೆ. ಕುಡಿಯದ ಮನೆಯನ್ನೂ ಕುಡಿಯುವ ಮನೆಯನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುತ್ತದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಹದಿನೈದು ವರ್ಷ ದಾಟಿದ ಗಂಡಸರಲ್ಲಿ ಕುಡಿಯುವವರು ನೂರಕ್ಕೆ ಸುಮಾರು 19. ಹೆಂಗಸರಲ್ಲಿ ನೂರಕ್ಕೆ ಒಬ್ಬರು. ಎಂದರೆ ಐವರು ಗಂಡಸರಲ್ಲಿ ನಾಲ್ವರು ಮುಟ್ಟುವುದೇ ಇಲ್ಲ. ಐದನೆಯವನ ಖರ್ಚನ್ನು ಐವರಿಗೂ ಹಂಚಿದರೆ ಅದು ಸಣ್ಣದಾಗಿ ಕಾಣದೆ ಇನ್ನೇನು? ಮೇಲಾಗಿ, ಸಮೀಕ್ಷೆಯವರು ಬಾಗಿಲಿಗೆ ಬಂದಾಗ ಅಕ್ಕಿ ಬೇಳೆಯ ಖರ್ಚು ಹೇಳಿದಷ್ಟು ಸಲೀಸಾಗಿ ಬಾಟಲಿಯ ಖರ್ಚನ್ನು ಯಾರು ಹೇಳುತ್ತಾರೆ?

ಆದ್ದರಿಂದ ಒಬ್ಬನ ಲೆಕ್ಕವನ್ನೇ ಹಾಕಿ ನೋಡೋಣ. ನಮ್ಮಂಥ ಕಡೆ ಕೆಲಸ ಮಾಡುವವನ ಪಗಾರ ರೂ. 18,000 ಎಂದು ಇಟ್ಟುಕೊಳ್ಳಿ. ವಾರಕ್ಕೆ ಎರಡೇ ಸಲ, ಒಂದೊಂದು ಕ್ವಾರ್ಟರ್. ಬೆಲೆ ರೂ. 200 ಎಂದು ಹಿಡಿದರೂ ತಿಂಗಳಿಗೆ ಎಂಟಕ್ಕೆ ರೂ. 1,600. ಜೊತೆಗೆ ಶೇಂಗಾ, ಬುರ್ಜಿ, ಸಿಗರೇಟು ಎಂದು ಸಲಕ್ಕೆ ರೂ. 80, ಅದು ರೂ. 640. ಗೆಳೆಯರಿಗೆ ತಿಂಗಳಲ್ಲೊಮ್ಮೆ ತನ್ನ ಪಾಳಿ ಬಂದಾಗ ರೂ. 600. ಮರುದಿನ ತಲೆ ಎತ್ತಲಾಗದೆ ತಿಂಗಳಲ್ಲಿ ಒಂದು ದಿನ ಖಾಡೆ ಬಿದ್ದರೆ ಇನ್ನೊಂದು ರೂ. 600. ಒಟ್ಟು ರೂ. 3,440. ಪಗಾರದ ನೂರು ರೂಪಾಯಿಗೆ 19. ಇವನನ್ನು ಯಾರೂ ಕುಡುಕ ಎನ್ನುವುದಿಲ್ಲ. ರಸ್ತೆಯಲ್ಲಿ ಬಿದ್ದವನಲ್ಲ, ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ. ಆದರೂ ಐದು ರೂಪಾಯಿಯಲ್ಲಿ ಹೆಚ್ಚುಕಡಿಮೆ ಒಂದು ರೂಪಾಯಿ ಹೋಯಿತು. ದಿನವೂ ಕುಡಿಯುವವನ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು.

ಇದರ ಮೇಲೆ ಮುಂಗಡದ ಕಥೆ ಬೇರೆ. ನಮ್ಮಲ್ಲಿ ಪಗಾರ ಹತ್ತನೇ ತಾರೀಖಿಗೆ. ಇಪ್ಪತ್ತರ ಸುಮಾರಿಗೆ ಮುಂಗಡದ ಚೀಟಿ ಹಿಡಿದು ಬರುವವರು ಬಹುಮಟ್ಟಿಗೆ ಅವರವರೇ. ಕಾರಣ ಎಂಬ ಜಾಗದಲ್ಲಿ "ಮಗುವಿಗೆ ಜ್ವರ", "ಊರಿಗೆ ಹೋಗಬೇಕು" ಎಂದು ಬರೆಸುತ್ತಾರೆ. ಕೆಲವು ನಿಜ, ಕೆಲವು ನಿಜವಲ್ಲ. ಬರೆಯುವ ಕೈ ನಮ್ಮದು. ಗೊತ್ತಿದ್ದೂ ಬರೆದಿದ್ದೇವೆ. ಗಿರಣಿಯಲ್ಲಿ ಮುಂಗಡ ಸಿಗದಿದ್ದರೆ ಬಡ್ಡಿಯವನ ಬಾಗಿಲು ಇದ್ದೇ ಇದೆ. ಆ ಬಡ್ಡಿಯನ್ನೂ ಕುಡಿತದ ಖಾತೆಗೇ ಬರೆಯಬೇಕಲ್ಲವೇ?

ಇನ್ನು ನಮ್ಮ ಮನೆಯ ಮಾತು. ಊರಲ್ಲಿರುವ ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಕ್ರಿಯೆಗೂ ಹೋಗಿಬರುವ ಖರ್ಚಿಗೂ ದುಡ್ಡಿಲ್ಲವೆಂದು ಎರಡು ಸಲ ಮುಂದೂಡಿದ್ದೆವು. ಮೂರನೆಯ ಸಲವೂ ಹಾಗೆಯೇ ಹೇಳಿದಾಗ ನಮ್ಮ ಮನೆಯಾಕೆ ಮಾತನಾಡದೆ ತನ್ನ ವಹಿಯನ್ನು ತಂದು ಮುಂದಿಟ್ಟಳು. ಏಳನೇ ಇಯತ್ತೆ ಓದಿದವಳು. ಬಾಡಿಗೆ, ದಿನಸಿ, ಗ್ಯಾಸು, ಶಾಲೆ ಎಂದು ಎಲ್ಲವೂ ಇತ್ತು. ಪ್ರತಿ ತಿಂಗಳ ಕೊನೆಗೆ "ಅವರದು" ಎಂಬ ಒಂದು ಸಾಲು. ಒಂದು ತಿಂಗಳು 2,600, ಇನ್ನೊಂದು ತಿಂಗಳು 2,900, ದೀಪಾವಳಿಯ ತಿಂಗಳು 4,100. ಇದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆವು. "ಪಗಾರದ ಚೀಟಿಯಿಂದ ನೀವು ಕೈಗೆ ಕೊಟ್ಟದ್ದನ್ನು ಕಳೆದೆ, ರೈಲಿನ ಪಾಸು ಕಳೆದೆ, ಉಳಿದದ್ದು ಅದು" ಎಂದಳು. ಹನ್ನೆರಡು ತಿಂಗಳಿಗೆ ರೂ. 34,200. ಇನ್ನೂರು ಜನರ ಪಗಾರ ಕೂಡಿ ಕಳೆಯುವ ಗುಮಾಸ್ತರು ನಾವು, ನಮ್ಮ ಮನೆಯ ಒಂದು ವಜಾಬಾಕಿಯನ್ನು ಮಾಡಿರಲಿಲ್ಲ. ಚಹಾ, ಚಿಲ್ಲರೆ, ಇತರೆ ಎಂದು ನಾವು ಮನಸ್ಸಿನಲ್ಲಿ ಹಂಚಿಕೊಂಡಿದ್ದನ್ನು ಆಕೆ ಒಂದೇ ಸಾಲಿನಲ್ಲಿ ಬರೆದಿದ್ದಳು.

ತಾಯಿಯ ಶಸ್ತ್ರಕ್ರಿಯೆ ಆಯಿತು. ಅಂದಿನಿಂದ ಪೂರ್ತಿ ಬಿಟ್ಟೆವೆಂದರೆ ಸುಳ್ಳಾದೀತು. ಎರಡು ಸಲ ತಪ್ಪಿದೆವು. ಆ ಎರಡನ್ನೂ ನಮ್ಮ ಕೈಯಿಂದಲೇ ಆ ವಹಿಯಲ್ಲಿ ಬರೆದೆವು: ಕುಡಿತ, ರೂ. 280. ಹೆಸರು ಹಾಕಿ ಬರೆಯುವುದು ಬಹಳ ಕಷ್ಟದ ಕೆಲಸ, ಬಂಧುಗಳೇ.

ಕಾನೂನಿನಿಂದಲೇ ಇದನ್ನು ನಿಲ್ಲಿಸಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಹಳೆಯ ಮುಂಬಯಿ ರಾಜ್ಯದಲ್ಲಿ 1950ರಲ್ಲಿ ಸಂಪೂರ್ಣ ಪಾನನಿರೋಧ ಬಂತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಆಗ ಅದೇ ರಾಜ್ಯದಲ್ಲಿದ್ದವು. ಅಂಗಡಿ ಮುಚ್ಚಿತು, ಕಳ್ಳಭಟ್ಟಿ ಹೊತ್ತಿತು. ಮುಂದೆ ನಿಯಮ ಸಡಿಲವಾಯಿತು. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು; ಕುಡಿಯುವವರು ಬೇರೆ ಮದ್ಯ ಹಿಡಿದರು. ಅಗ್ಗದ್ದೆಂದು ಕಳ್ಳಭಟ್ಟಿಗೆ ಕೈಯೊಡ್ಡಿದರೆ ಏನಾಗುತ್ತದೆಂಬುದನ್ನು 2015ರಲ್ಲಿ ಮಾಲಾಡಿನ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಾಗ ಕಂಡಿದ್ದೇವೆ.

ಆದರೆ ಆಂಧ್ರದ ಒಂದು ಸಂಗತಿ ವಾಚನಾಲಯದವರಾದ ನಾವು ಮರೆಯಬಾರದು. ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತೆಯ ಆಂದೋಲನ ನಡೆದಾಗ ರಾತ್ರಿಶಾಲೆಯ ಪಾಠಪುಸ್ತಕದಲ್ಲಿ ಸೀತಮ್ಮ ಎಂಬ ಹೆಂಗಸಿನ ಕಥೆಯಿತ್ತು; ಕುಡಿತದಿಂದ ಹಾಳಾದ ಮನೆಯ ಕಥೆ. ಕೂಲಿ ಮಾಡಿ ಬಂದು ದೀಪದ ಬೆಳಕಿನಲ್ಲಿ ಅಕ್ಷರ ಕಲಿಯುತ್ತಿದ್ದ ತಾಯಂದಿರು ಅದನ್ನು ಓದಿ, ಇದು ನಮ್ಮ ಮನೆಯ ಕಥೆಯೇ ಎಂದರು. ದೂಬಗುಂಟದ ಹೆಂಗಸರು ತಮ್ಮೂರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಆ ಕಿಚ್ಚು ಹಳ್ಳಿಯಿಂದ ಹಳ್ಳಿಗೆ ಹಬ್ಬಿ, 1993ರ ಅಕ್ಟೋಬರದಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. 1995ರಲ್ಲಿ ಬಂದ ಪೂರ್ಣ ಪಾನನಿರೋಧ 1997ರಲ್ಲಿ ಹೋಯಿತು, ನಿಜ. ಆದರೂ ಮನೆಯೊಳಗೆ ನುಂಗಿಕೊಂಡಿದ್ದ ಮಾತು ಅಕ್ಷರದಲ್ಲಿ ಬಂದೊಡನೆ ಎಷ್ಟು ಬಲ ಪಡೆಯಿತೆಂಬುದನ್ನು ನೋಡಿ.

ಇನ್ನೊಂದು ಮಾತು ಅತ್ಯಂತ ಅಗತ್ಯದ್ದು. ಸ್ವಲ್ಪ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತನ್ನು ನಂಬಬೇಡಿ. ಕೇಡಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಾಗೆಂದು ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವರು ಹಟದಿಂದ ಒಮ್ಮೆಲೇ ಬಿಡಲೂ ಬಾರದು. ಕೈ ನಡುಕ, ಫಿಟ್ಸು, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಂಡು, ಔಷಧಿಯ ಸಹಾಯದಿಂದ ಬಿಡಬೇಕು. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ದುಡ್ಡಿಲ್ಲದೆ ಫೋನು ಮಾಡಬಹುದು. ಕುಡಿತ ಬಿಟ್ಟವರೇ ಕೂಡಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೂ ಶುಲ್ಕವಿಲ್ಲ. ಅಲ್ಲಿ ಪೂರ್ತಿ ಹೆಸರು ಹೇಳಬೇಕಾಗಿಲ್ಲ.

ಕೊನೆಯದಾಗಿ ನಮ್ಮದೊಂದು ಬಿನ್ನಹ. ಪತ್ರಿಕೆಗಳ ಮೇಜಿನ ಮೇಲೆ ಬಿಳಿ ಹಾಳೆಗಳನ್ನು ಇಟ್ಟಿದ್ದೇವೆ. ಒಂದೊಂದು ಮನೆಗೆ ತೆಗೆದುಕೊಂಡು ಹೋಗಿ. ಬಾಡಿಗೆ, ಊಟ, ಮಕ್ಕಳ ಓದು, ಊರಿಗೆ ಕಳಿಸಿದ್ದು, ಕುಡಿತ ಎಂದು ಐದು ಸಾಲುಗಳಿವೆ. ಒಂದು ತಿಂಗಳು ಗಂಡಹೆಂಡಿರು ಜೊತೆಗೆ ಕುಳಿತು ತುಂಬಿ. ಒಂಟಿಯಾಗಿ ಖೋಲಿಯಲ್ಲಿರುವ ತರುಣರು ತಾವೇ ತುಂಬಿ. ಕುಡಿಯದವರು ಕೊನೆಯ ಸಾಲಿನಲ್ಲಿ ಸೊನ್ನೆ ಬರೆಯಿರಿ. ಹೆಸರು ಬೇಡ. ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಹಾಕಿದರೆ ಮುಂದಿನ ತಿಂಗಳ ಸಭೆಯಲ್ಲಿ ಬರೀ ಮೊತ್ತವನ್ನು ಓದುತ್ತೇವೆ. ಕೂಡಿಸುವ ಕೆಲಸ ನಮ್ಮದು. ಅದೊಂದು ನಮಗೆ ಬರುತ್ತದೆ. ಮೊದಲನೆಯ ಹಾಳೆಯನ್ನು ನಮ್ಮ ಮನೆಯಿಂದ ತಂದು ಈಗಾಗಲೇ ಪೆಟ್ಟಿಗೆಯಲ್ಲಿ ಹಾಕಿದ್ದೇವೆ.