ಕಲಿಯುವ ವೈದ್ಯರೂ ಕೊರೊನಾ ಕಾಲವೂ
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ವಿಷಯ ಮಾತನಾಡುವುದು ನನ್ನ ವಾಡಿಕೆ. ಈ ದಿನ ವೈದ್ಯರ ವಿಷಯ ಎತ್ತಿಕೊಂಡಿದ್ದೇನೆ. ವ್ಯವಸಾಯ ಕಲಿತವನಿಗೆ ಆಸ್ಪತ್ರೆಯ ಗೊಡವೆ ಏಕೆಂದು ತಾವು ಕೇಳಬಹುದು. ಕೇಳಿ.

ಹೆರಿಗೆ ಕಷ್ಟವಾದಾಗ, ಹಾವು ಕಚ್ಚಿದಾಗ, ಟ್ರ್ಯಾಕ್ಟರು ಉರುಳಿದಾಗ ನಾವು ಓಡುವುದು ದೊಡ್ಡಾಸ್ಪತ್ರೆಗೆ. ಅಪರಾತ್ರಿಯಲ್ಲಿ ಅಲ್ಲಿ ಮೊದಲು ನಾಡಿ ಹಿಡಿಯುವವರು ಯಾರು? ಬಹುಮಟ್ಟಿಗೆ ನಿವಾಸಿ ವೈದ್ಯರು, ಅಂದರೆ ಜನ ‘ಪಿ.ಜಿ. ಡಾಕ್ಟರು’ ಎನ್ನುವ ತರುಣ ತರುಣಿಯರು. ಐದೂವರೆ ವರ್ಷ ಎಂ.ಬಿ.ಬಿ.ಎಸ್. ಮುಗಿಸಿ, ಮೇಲೆ ಮೂರು ವರ್ಷ ಆಸ್ಪತ್ರೆಯಲ್ಲೇ ದುಡಿಯುತ್ತ ಒಂದು ವಿಭಾಗದಲ್ಲಿ ಪರಿಣತಿ ಪಡೆಯುವವರು ಇವರು. ಕೆಲಸವೇ ಇವರ ಪಾಠ. ನೇಗಿಲು ಹಿಡಿಯದೆ ಉಳುವುದು ಹೇಗೆ ಬಾರದೋ, ಹಾಗೆಯೇ ಹಿರಿಯರ ಕಣ್ಣೆದುರಿಗೆ ಕತ್ತರಿ ಹಿಡಿಯದೆ ಶಸ್ತ್ರಚಿಕಿತ್ಸೆ ಬಾರದು.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡುದು ತಮಗೆ ನೆನಪಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಂಥ ದೊಡ್ಡ ಸಂಸ್ಥೆಯನ್ನೇ ಕೋವಿಡ್ ರೋಗಿಗಳಿಗಾಗಿ ಮೀಸಲಿಟ್ಟರು. ಕಣ್ಣು, ಮೂಳೆ, ಚರ್ಮದ ವಿದ್ಯೆ ಕಲಿಯಲು ಬಂದವರೂ ಕೋವಿಡ್ ವಾರ್ಡಿಗೆ ನಿಂತರು. ತುರ್ತಿಲ್ಲದ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಕಣ್ಣಿನ ಪೊರೆ ತೆಗೆಸಬೇಕಾಗಿದ್ದ ಅಜ್ಜಿ ಮನೆಯಲ್ಲಿ ಕಾಯುತ್ತ ಕುಳಿತಳು. ಅದೇ ಪೊರೆಯನ್ನು ತೆಗೆದು ಕೈ ಪಳಗಿಸಿಕೊಳ್ಳಬೇಕಾಗಿದ್ದ ವೈದ್ಯನೂ ಆ ಅವಕಾಶ ಕಳೆದುಕೊಂಡ. ಒಂದು ನಷ್ಟ ನಮಗೆ ಕಂಡಿತು, ಇನ್ನೊಂದು ಕಾಣಲಿಲ್ಲ.

ಅವರು ಏನೂ ಕಲಿಯಲಿಲ್ಲವೆಂದು ನಾನು ಹೇಳುವುದಿಲ್ಲ. ಆಮ್ಲಜನಕ ಕೊಡುವುದು, ವೆಂಟಿಲೇಟರ್ ಯಂತ್ರ ನಡೆಸುವುದು, ಫೋನಿನಲ್ಲಿ ರೋಗಿಗೆ ಸಲಹೆ ಹೇಳುವುದು, ಇವನ್ನೆಲ್ಲ ಚೆನ್ನಾಗಿ ಕಲಿತರು. ಪಾಠಗಳು ಮೊಬೈಲಿನಲ್ಲಿ ನಡೆದವು. ಆದರೆ ಹೊಲಿಗೆ ಹಾಕುವುದನ್ನು ಮೊಬೈಲಿನಲ್ಲಿ ನೋಡಿ ಕಲಿಯಲಾಗದು.

ಇನ್ನು ಅವರ ದೇಹ ಮನಸ್ಸುಗಳ ಸ್ಥಿತಿ. ತಲೆಯಿಂದ ಕಾಲಿನವರೆಗೆ ಮುಚ್ಚುವ ಪಿಪಿಇ ಉಡುಪು ತೊಟ್ಟರೆ, ಕಳಚುವವರೆಗೆ ನೀರು ಕುಡಿಯುವಂತಿಲ್ಲ, ಶೌಚಕ್ಕೆ ಹೋಗುವಂತಿಲ್ಲ. ಒಳಗೆಲ್ಲ ಬೆವರಿನ ಹೊಳೆ. ರೋಗ ತಗಲೀತೆಂದು ತಂದೆತಾಯಿಗಳ ಬಳಿಗೂ ಹೋಗುವಂತಿರಲಿಲ್ಲ. ನೆಂಟರನ್ನು ವಾರ್ಡಿನೊಳಗೆ ಬಿಡದ ಕಾರಣ, ಸಾವಿನ ಸುದ್ದಿಯನ್ನು ಫೋನಿನಲ್ಲಿ ತಿಳಿಸುವ ಕೆಲಸ ಅನೇಕ ಸಲ ಈ ಕಿರಿಯರ ಪಾಲಿಗೇ ಬಂತು. ಇಪ್ಪತ್ತಾರು, ಇಪ್ಪತ್ತೇಳರ ವಯಸ್ಸಿನವರು ಇಂಥ ಮಾತನ್ನು ದಿನವೂ ಆಡಬೇಕಾದರೆ ನಿದ್ರೆ ಹೇಗೆ ಬಂದೀತು?

2021ರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಹೊಸ ತಂಡವನ್ನು ಆರಿಸುವ ನೀಟ್ ಪಿ.ಜಿ. ಪರೀಕ್ಷೆ ಏಪ್ರಿಲ್ 18ಕ್ಕೆ ನಿಗದಿಯಾಗಿತ್ತು. ಎರಡನೆಯ ಅಲೆ ಏರಿದುದರಿಂದ ಅದು ನಡೆದದ್ದು ಸೆಪ್ಟೆಂಬರ್ 11ರಂದು. ಆಮೇಲೆ ಮೀಸಲಾತಿಯ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿದ್ದು, ಸೀಟು ಹಂಚಿಕೆಯೂ ನಿಂತಿತು. ಮೂರು ವರ್ಷದ ಮೂರು ತಂಡಗಳು ಹೊರಬೇಕಾದ ಹೊರೆ ಎರಡೇ ತಂಡಗಳ ಹೆಗಲಿಗೆ ಬಿತ್ತು. ಆ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ನಿವಾಸಿ ವೈದ್ಯರು ಬೀದಿಗಿಳಿದುದು ಈ ವಿಳಂಬದಿಂದಲೇ. 2022ರ ಜನವರಿ 7ರಂದು ಕೋರ್ಟು ಅನುಮತಿ ಕೊಟ್ಟ ಮೇಲೆ ಸೀಟು ಹಂಚಿಕೆ ಮೊದಲಾಯಿತು.

ಬಂಧುಗಳೇ, ಎಂಥ ಬರಗಾಲದಲ್ಲೂ ರೈತನು ಬಿತ್ತನೆ ಕಾಳನ್ನು ಕೊನೆಯವರೆಗೂ ಮುಟ್ಟುವುದಿಲ್ಲ. ಮುಟ್ಟಿದರೆ ಮುಂದಿನ ವರ್ಷದ ಅನ್ನ ಹೋಯಿತು. ಕಲಿಯುವ ವೈದ್ಯರು ನಾಡಿನ ಬಿತ್ತನೆ ಕಾಳು. ಕೊರೊನಾ ಕಾಲದಲ್ಲಿ ಬೇರೆ ದಾರಿಯಿಲ್ಲದೆ ಅದರಲ್ಲಿ ಕೈಯಿಟ್ಟೆವು. ತೆಗೆದುದನ್ನು ತುಂಬಿಕೊಡುವ ಹೊಣೆಯೂ ನಮ್ಮದೇ.

ಕೆಲವು ಒಳ್ಳೆಯ ಹೆಜ್ಜೆಗಳನ್ನು ಇಟ್ಟಿದ್ದಾರೆ. 2021ರ ತಂಡದಿಂದ ಮೊದಲುಗೊಂಡು ಪ್ರತಿಯೊಬ್ಬ ಪಿ.ಜಿ. ವೈದ್ಯರೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಬಂದಿದೆ. ಇದರಿಂದ ಅವರಿಗೆ ಕಲಿಕೆ, ನಮಗೆ ಉಪಕಾರ. ವಾರಕ್ಕೊಂದು ರಜೆ, ತಕ್ಕಷ್ಟು ವಿಶ್ರಾಂತಿ ಕೊಡಬೇಕೆಂದು 2023ರ ನಿಯಮಗಳು ಹೇಳುತ್ತವೆ. ವಾರಕ್ಕೆ 74 ಗಂಟೆ ಮೀರಿ ದುಡಿಸಬಾರದೆಂದು 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಶಿಫಾರಸು ಮಾಡಿತು. ವಾರಕ್ಕೆ 48 ಗಂಟೆ ಎಂದು 1992ರಲ್ಲಿಯೇ ಕೇಂದ್ರ ಸರ್ಕಾರದ ಯೋಜನೆಯೊಂದು ಹೇಳಿತ್ತು! ಕಾಗದದ ಮೇಲಿನ ನೀರು ಗದ್ದೆಗೆ ಹರಿಯಬೇಕು. ಇನ್ನೊಂದು ಪಿಡುಗು ಬಂದರೂ ಹೊಸ ತಂಡ ಹೊತ್ತಿಗೆ ಸರಿಯಾಗಿ ಬರುವಂತೆ, ಕಲಿಯುವವರನ್ನು ಸರದಿಯಂತೆ ತಮ್ಮ ತಮ್ಮ ವಿಭಾಗಕ್ಕೆ ಕಳಿಸುವಂತೆ ಈಗಲೇ ಏರ್ಪಾಡಾಗಬೇಕು. ನಮ್ಮ ಪ್ರತಿನಿಧಿಗಳು ಮತ ಕೇಳಲು ಬಂದಾಗ ರಸ್ತೆಯ ಜೊತೆಗೆ ಇದನ್ನೂ ಕೇಳೋಣ.

ನಮ್ಮ ಕೈಯಲ್ಲಿರುವ ಕೆಲಸಗಳು ಇವು:

1. ಸಣ್ಣಪುಟ್ಟ ಕಾಯಿಲೆಗೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋಣ. ದೊಡ್ಡಾಸ್ಪತ್ರೆಯಲ್ಲಿ ನೂಕುನುಗ್ಗಲು ಕಡಿಮೆಯಾದೀತು.

2. ಹೋಗುವಾಗ ಹಳೆಯ ಚೀಟಿಗಳನ್ನು ತೆಗೆದುಕೊಂಡು ಹೋಗೋಣ. ಕಿರಿಯ ವೈದ್ಯರು ಕೇಳಿದ್ದನ್ನೇ ಮತ್ತೆ ಕೇಳಿದರೆ ಬೇಸರಿಸದೆ ಉತ್ತರಿಸೋಣ.

3. ದುಃಖದಲ್ಲಿ ಮಾತು ಮೀರಬಹುದು, ಆದರೆ ಕೈ ಮೀರಬಾರದು. ವೈದ್ಯರ ಮೇಲೆ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರ ಕಾಯಿದೆ ಇದೆ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಇಂಥ ಹಲ್ಲೆಗೆ 3 ತಿಂಗಳಿಂದ 5 ವರ್ಷ, ತೀವ್ರ ಗಾಯವಾದರೆ 7 ವರ್ಷದವರೆಗೆ ಸೆರೆವಾಸವೆಂದು 2020ರಲ್ಲಿ ಕೇಂದ್ರದ ಕಾಯಿದೆಯೂ ಆಗಿದೆ.

4. ನಮ್ಮ ಊರಿನ ಮಗನೋ ಮಗಳೋ ವೈದ್ಯಕೀಯ ಓದುತ್ತಿದ್ದರೆ, ಹಬ್ಬಕ್ಕೆ ಬಂದಾಗ ಸಂಬಳವೆಷ್ಟು, ಮದುವೆ ಯಾವಾಗ ಎಂದು ಕೇಳುವ ಮೊದಲು, “ಊಟ ಮಾಡುತ್ತೀಯಾ, ನಿದ್ದೆ ಬರುತ್ತದೆಯೇ” ಎಂದು ಕೇಳೋಣ. ಮನಸ್ಸು ಕುಗ್ಗಿದ್ದರೆ ಟೆಲಿ ಮನಸ್ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಇದಕ್ಕೆ ಹಣವಿಲ್ಲ. ಇದು ವೈದ್ಯರಿಗೂ ಸರಿ, ರೈತರಿಗೂ ಸರಿ.

ದಣಿದ ಎತ್ತಿಗೆ ನೊಗ ಹೂಡುವುದಿಲ್ಲವೆಂಬ ಕರುಣೆ ಹಳ್ಳಿಯವರಾದ ನಮಗೆ ಹೊಸದಲ್ಲ. ಅದನ್ನು ಈ ಮಕ್ಕಳಿಗೂ ತೋರಿಸೋಣ. ಅವರ ಕೈ ಪಳಗಿ ಮನಸ್ಸು ಗಟ್ಟಿಯಾದರೆ, ನಾಳೆ ನಮ್ಮ ಮನೆಯ ಹೆರಿಗೆಯೂ ಸುಖವಾದೀತು.